ಮೊಳೆಗೆ ತೂಗಿದ ಬೀಗದ ಕೈ

ಶನಿವಾರ ಸಂಜೆ ಅಪ್ಪ ಕರಿಕೋಟು ತೊಟ್ಟು ಹಿತ್ತಿಲ ಬಾಗಿಲಿನಿಂದ ಹೊರಟ. ಮನೆಯನ್ನು ಬಳಸಿಕೊಂಡು ಬಂದು ತನ್ನದೇ ಮನೆಯ ಮುಂಬಾಗಿಲು ತಟ್ಟಿದ.

"ಬಂದ್ರಪ್ಪ ಹಿರೀರು," ಎಂದಳು ಒಲೆಯ ಮುಂದಿದ್ದ ಸೋದರತ್ತೆ. "ಈಗಷ್ಟೇ ಉಂಡ ತಟ್ಟೆ ಎತ್ತದೆ ಎದ್ದುಹೋದೋರು. ಹೋಗಿ ಬಾಗಿಲು ತೆಗಿಯೇ, ಪರದೇಸಿ ಥರ ನಿಂತಿದಾನೆ."

ಮಗಳು ಬೀಗದಕ್ಕ ಏಳಲಿಲ್ಲ.

ಕರ್ತನ ಭೋಜನದ ಹಿಂದಿನ ದಿನ ಪ್ರತಿಸಲವೂ ಇದೇ ನಡೆಯುತ್ತಿತ್ತು. ಕ್ರೈಸ್ತ ಸಭೆಯ ಹಿರಿಯರು ತಮ್ಮ ಪಾಲಿನ ಬೀದಿಗಳಲ್ಲಿ ಮನೆಮನೆಗೆ ಹೋಗಿ, ಒಬ್ಬೊಬ್ಬರನ್ನೇ ಎದುರು ನಿಲ್ಲಿಸಿಕೊಂಡು ಮೂರು ಪ್ರಶ್ನೆ ಕೇಳಬೇಕು. ಉತ್ತರ ಸರಿಯಾಗಿದ್ದರೆ ಒಂದು ಸೀಸದ ಬಿಲ್ಲೆ ಕೈಗಿಡಬೇಕು. ಭಾನುವಾರ ಆ ಬಿಲ್ಲೆಯನ್ನು ತಟ್ಟೆಗೆ ಹಾಕಿದವರಿಗೆ ರೊಟ್ಟಿ ಮತ್ತು ದ್ರಾಕ್ಷಾರಸದ ಬಟ್ಟಲು. ಬಿಲ್ಲೆ ಸಿಗದವರಿಗೆ ಬಾಗಿಲ ಪಕ್ಕದ ಹಿಂದಿನ ಬೆಂಚು. ಹಿರಿಯ ಹೊರಗಿನಿಂದಲೇ ಬರಬೇಕೆಂಬುದು ಕಟ್ಟಳೆ. ಅಡುಗೆಮನೆಯಿಂದ ಕೈ ಒರೆಸಿಕೊಂಡು ಎದ್ದುಬಂದು ಕೇಳಿದರೆ ಅದು ಅಪ್ಪ ಕೇಳಿದಂತಾಗುತ್ತದೆಯೇ ಹೊರತು ಸಭೆ ಕೇಳಿದಂತಾಗುವುದಿಲ್ಲ. ಕೋಟು ತೊಟ್ಟ ಮೇಲೆ ಮಗಳನ್ನು ಮಗಳೆನ್ನುವಂತಿಲ್ಲ, 'ಸಹೋದರಿ' ಎನ್ನಬೇಕು.

"ಮಗಳು ತಂಗಿಯಾದ್ಲು. ಒಡಹುಟ್ಟಿದ ತಂಗಿ ನಾನೇನಾದೆ, ಅಜ್ಜಿಯಾ?" ಎಂದು ಅತ್ತೆ ಪ್ರತಿಸಲವೂ ಕೇಳುವಳು, ಪ್ರತಿಸಲವೂ ತಾನೇ ನಗುವಳು. ಅಪ್ಪ ಮಾತ್ರ ನಕ್ಕವನಲ್ಲ. ಅವನು ಎರಕದವ. ನೀರಿನ ಪಂಪಿನ ಬಿಡಿಭಾಗ, ಗೇಟಿನ ಕೀಲು, ಜೊತೆಗೆ ಸಭೆಯ ಬಿಲ್ಲೆಗಳು, ಎಲ್ಲವೂ ಅವನ ಮರಳಿನ ಅಚ್ಚಿನಲ್ಲೇ ಹುಟ್ಟಿದವು. ತಾನು ಎರೆದ ಬಿಲ್ಲೆಯನ್ನು ತಾನೇ ತೂಗಿ ಕೊಡುವಾಗ ಅವನ ಮುಖ ತಕ್ಕಡಿಯ ಮುಳ್ಳಿನಷ್ಟು ನೆಟ್ಟಗಿರುತ್ತಿತ್ತು.

ಬಾಗಿಲು ಮತ್ತೆ ಸದ್ದಾಯಿತು. ಬೀಗದಕ್ಕನ ಕೈ ಸೊಂಟದ ಕೀಗೊಂಚಲನ್ನು ಬಿಗಿಹಿಡಿದಿತ್ತು.

ಆ ಗೊಂಚಲಿನಿಂದಲೇ ಅವಳಿಗೆ ಆ ಹೆಸರು. ಅಂಗಿ ಹೊಲಿಯುವ ಕಾರ್ಖಾನೆಯ ಮೇಲಂತಸ್ತಿಗೆ ಅವಳು ಮೇಲ್ವಿಚಾರಕಿ. ಅವಳು ಸಾಲಿನ ಈ ತುದಿಯಲ್ಲಿ ಕಾಲಿಟ್ಟರೆ ಆ ತುದಿಯ ಮಿಷಿನ್ನಿನವರೆಗೆ ಗಿಲಗಿಲ ಕೇಳುತ್ತಿತ್ತು. "ಬೆಕ್ಕಿಗೆ ಗಂಟೆ ಕಟ್ಟೋ ಕಷ್ಟ ನಮಗಿಲ್ವೇ, ಧಣಿನೇ ಕಟ್ಟಿ ಕಳಿಸಿದಾನೆ," ಎಂದು ಹುಡುಗಿಯರು ಬಗ್ಗಿ ನಗುತ್ತಿದ್ದರು. ಅದನ್ನು ಮೊದಲು ಹೇಳಿದವಳು ಗುಂಡಿ ಹೊಲಿಯುವ ಪುಟ್ಟಿ.

ಆ ಅಂತಸ್ತಿಗೆ ಎರಡು ಬಾಗಿಲು. ಮುಂದಿನದರಲ್ಲಿ ಒಬ್ಬೊಬ್ಬರನ್ನೇ ತಡವಿ ನೋಡಿ ಆಚೆ ಬಿಡುತ್ತಿದ್ದರು. ಹಿಂದಿನದರ ಮೇಲೆ ಕೆಂಪಕ್ಷರದಲ್ಲಿ 'ತುರ್ತು ದಾರಿ' ಎಂದು ಬರೆದಿತ್ತು. ಅದರ ಕೆಳಗೆ ಒಂದು ಬೀಗ ನೇತಾಡುತ್ತಿತ್ತು. ಒಂದು ಚೂರು ಬಟ್ಟೆ, ಒಂದು ಉಂಡೆ ದಾರ ಆ ದಾರಿಯಲ್ಲಿ ಹೋಗಿಬಿಟ್ಟರೆ ಎಂಬ ಭಯಕ್ಕೆ ಧಣಿ ಹಾಕಿಸಿದ ಬೀಗ. ಮನುಷ್ಯರು ಬೇಕಾದರೆ ಒಳಗೇ ಸುಟ್ಟುಹೋಗಲಿ, ದಾರ ಹೊರಗೆ ಹೋಗಬಾರದು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಬೀಗ ಹೇಳುತ್ತಿತ್ತು.

ಹೋದ ತಿಂಗಳು ಬೆಂಕಿ ಬಿದ್ದಾಗ ಬೀಗದಕ್ಕ ಪ್ರಾರ್ಥನೆಯಲ್ಲಿದ್ದಳು.

ಧಣಿ ಭಕ್ತಿವಂತರು. ದಿನಾ ಊಟದ ಹೊತ್ತಿಗೆ ಮೇಲ್ವಿಚಾರಕರನ್ನೆಲ್ಲ ಕೆಳಗಿನ ಕೋಣೆಗೆ ಕರೆಸಿ ಪ್ರಾರ್ಥನೆ ನಡೆಸುತ್ತಿದ್ದರು. ಮೊದಲೊಂದು ದಿನ ಬೀಗದಕ್ಕ ಮಂಡಿಯೂರಿದಾಗ ಗೊಂಚಲು ಸದ್ದು ಮಾಡಿತ್ತು. "ದೇವರ ಸನ್ನಿಧಿಗೆ ಲೋಕದ ಸದ್ದು ತರಬಾರದಮ್ಮ," ಎಂದು ಧಣಿ ಬಾಗಿಲ ಹೊರಗೆ ಒಂದು ಮೊಳೆ ಹೊಡೆಸಿದರು. ಅಂದಿನಿಂದ ಪ್ರಾರ್ಥನೆ ಮುಗಿಯುವವರೆಗೆ ಮೇಲಂತಸ್ತಿನ ಕೀಗಳೆಲ್ಲ ಕೆಳಗಿನ ಮೊಳೆಯ ಮೇಲೆ.

ಮುಂದಿನ ಬಾಗಿಲ ಪಕ್ಕದ ಇಸ್ತ್ರಿ ಮೇಜಿನ ವೈರು ಹಳೆಯದು, ಎಷ್ಟೋ ಸಲ ಹೇಳಿದರೂ ಬದಲಾಗದ್ದು. ಅದು ಕಿಡಿ ಕಾರಿ ಬಟ್ಟೆಯ ರಾಶಿ ಹತ್ತಿಕೊಂಡಿತು. ಮೇಲಿನಿಂದ ಕೂಗು ಕೇಳಿದಾಗ ಬೀಗದಕ್ಕ ಎದ್ದು ನಿಂತಿದ್ದಳು. ಧಣಿ ಕಣ್ಣು ತೆರೆಯದೆಯೇ ಕೈಯೆತ್ತಿ, ಕೂರು ಎಂದು ಸನ್ನೆ ಮಾಡಿದರು. ಅವಳು ಕೂತಳು. ಆಮೆನ್ ಬರುವವರೆಗೆ ಕೂತಳು. ಬಂದ ಕೂಡಲೇ ಒಂದೇ ಉಸಿರಿಗೆ ಹೊರಗಿನ ಹಿಂಬದಿ ಮೆಟ್ಟಿಲು ಹತ್ತಿ, ಹೊಗೆಯಲ್ಲಿ ತಡಕಾಡಿ ಹಿಂದಿನ ಬಾಗಿಲು ಮುಟ್ಟಿ ಸೊಂಟಕ್ಕೆ ಕೈಹಾಕಿದರೆ ಅಲ್ಲಿ ಬರೀ ಸೀರೆ. ಗೊಂಚಲು ಮೊಳೆಯ ಮೇಲಿತ್ತು. ಅವಳು ಮತ್ತೆ ಕೆಳಗೋಡಿ ಮತ್ತೆ ಮೇಲೆ ಬರುವಷ್ಟರಲ್ಲಿ ಪುಟ್ಟಿ ಕಿಟಕಿಯ ಕಾದ ಕಬ್ಬಿಣವನ್ನು ಬರಿಗೈಯಲ್ಲಿ ಹಿಡಿದು ಜಗ್ಗಿದ್ದಳು. ಬೀಗ ತೆಗೆದ ಮೇಲೆ ಎಲ್ಲರೂ ಹೊರಬಂದು ಬದುಕಿದರು. ಪುಟ್ಟಿಯ ಬಲಗೈ ಬದುಕಲಿಲ್ಲ.

ಮರುದಿನ ತನಿಖೆಯವರು ಬಂದರು. ಅಷ್ಟರೊಳಗೆ ಬೀಗ ಮಾಯವಾಗಿತ್ತು. ಧಣಿಯ ಕೋಣೆಯಲ್ಲಿ, ಧಣಿಯ ಗ್ರಂಥದ ಮೇಲೆ ಕೈಯಿಟ್ಟು ಬೀಗದಕ್ಕ ಹೇಳಿದಳು: "ಬಾಗಿಲು ತೆರೆದಿತ್ತು."

ಬಾಗಿಲು ತೆರೆದಿದ್ದ ಮೇಲೆ ಕಿಟಕಿ ಜಗ್ಗಿದವಳದೇ ತಪ್ಪು. ಇಸ್ತ್ರಿಪೆಟ್ಟಿಗೆ ಆರಿಸದೆ ಬಿಟ್ಟವಳೂ ಅವಳೇ ಎಂದಾಯಿತು. ಕೆಲಸ ಹೋಯಿತು. ನೆರೆಯವನ ಸೊತ್ತು ಹಾಳುಮಾಡಿದಳೆಂದು ಸಭೆಯ ಹಿರಿಯರು ಅವಳ ಬಿಲ್ಲೆಯನ್ನೂ ತಡೆದರು. ಆ ತೀರ್ಮಾನದ ದಿನ ಮೊದಲ ಕುರ್ಚಿಯಲ್ಲಿ ಕೂತಿದ್ದವರು ಧಣಿ. ಕೊನೆಯ ಕುರ್ಚಿಯಲ್ಲಿ ಅಪ್ಪ.

ನಿನ್ನೆ ಧಣಿ ಅವಳನ್ನು ಪ್ರಾರ್ಥನೆಯ ಕೋಣೆಗೆ ಒಬ್ಬಳನ್ನೇ ಕರೆಸಿದ್ದರು.

"ಸೋಮವಾರ ದೊಡ್ಡ ಅಧಿಕಾರಿ ಮುಂದೆ ಅದೇ ಮಾತು ಇನ್ನೊಂದ್ಸಲ ಹೇಳಿಬಿಡಮ್ಮ. ಮುಗೀತು."

"ಧಣಿ, ಪುಟ್ಟಿ ಕೈ ಮಡಚೋಕೇ ಬರ್ತಿಲ್ವಂತೆ."

"ದಿನಾ ಅವಳಿಗೋಸ್ಕರ ಪ್ರಾರ್ಥನೆ ಮಾಡ್ತಿದೀನಿ." ಅವರ ಕಣ್ಣು ನಿಜಕ್ಕೂ ತೇವವಾಗಿತ್ತು. ಅದೇ ಭಯಂಕರ. "ಆಗಿದ್ದು ಆಗೋಯ್ತು. ಕೃಪೆ ಅನ್ನೋದು ಮತ್ಯಾಕಿರೋದು? ಕ್ಷಮೆ ಸಿಕ್ಕಿದ್ದನ್ನ ಕೆದಕಿದ್ರೆ ಕೊಟ್ಟವನಿಗೇ ಅವಮಾನ." ಎದ್ದು ನಿಂತು, ಕನ್ನಡಕ ಒರೆಸಿಕೊಳ್ಳುತ್ತ ಕೇಳಿದರು: "ಹಿಂದಿನ ಬಾಗಿಲು ಹಾಕಿದ್ಯಲ್ಲ?"

ಹಾಕಿದ್ದಳು. ಅದೇ ಬೀಗ. ಹೊಗೆಯ ಕಪ್ಪು ಇನ್ನೂ ಹೋಗದ ಅದೇ ಬಾಗಿಲು. ಒಳಗೆ ಅದೇ ಹುಡುಗಿಯರು.

ಬಾಗಿಲು ಮೂರನೇ ಸಲ ಸದ್ದಾದಾಗ ಬೀಗದಕ್ಕ ಎದ್ದುಹೋಗಿ ತೆಗೆದಳು.

"ಸಹೋದರಿ, ಒಳಗೆ ಬರಬಹುದೇ?" ಎಂದ ಅಪ್ಪ. ಒಳಬಂದು, ತಾನು ಉಂಡೆದ್ದ ಮಣೆಯ ಪಕ್ಕದಲ್ಲೇ ನಿಂತು ಕೋಟಿನ ಜೇಬಿನಿಂದ ಚೀಲ ತೆಗೆದ.

"ನೆರೆಯವರದ್ದೇನನ್ನಾದರೂ ಕದ್ದದ್ದುಂಟೇ?"

"ಇಲ್ಲ."

"ನೆರೆಯವರ ವಿಷಯದಲ್ಲಿ ಸುಳ್ಳು ಸಾಕ್ಷಿ ನುಡಿದದ್ದುಂಟೇ?"

ಪ್ರಶ್ನೆ ಮುಗಿಯುವ ಮೊದಲೇ ಬಿಲ್ಲೆ ಅವನ ಬೆರಳುಗಳ ನಡುವೆ ಬಂದಿತ್ತು. ಈ ಮನೆಯಲ್ಲಿ ಮೂರು 'ಇಲ್ಲ'ಗಳು ಉಸಿರಿನಂತೆ ಒಂದರ ಹಿಂದೊಂದು ಬರುತ್ತಿದ್ದವು.

"ಉಂಟು," ಎಂದಳು ಬೀಗದಕ್ಕ.

ಅತ್ತೆಯ ಸೌಟು ಪಾತ್ರೆಯ ಅಂಚಿಗೆ ಬಡಿದು ನಿಂತಿತು.

"ಏನಂದೆ ಮಗಾ?" ಎಂದ ಅಪ್ಪ.

"ಈಗ ಕೇಳ್ತಿರೋದು ಹಿರಿಯರಾ, ಅಪ್ಪನಾ?"

ಅವನ ಕೈ ಕೋಟಿನ ಗುಂಡಿಗೆ ಹೋಯಿತು. ಅವಳು ಹೇಳಿದಳು. ಬೀಗ, ಮೊಳೆ, ಆಮೆನ್, ಗ್ರಂಥದ ಮೇಲಿಟ್ಟ ಕೈ. ಹೇಳುವಾಗ ಅಳಲಿಲ್ಲ, ಅತ್ತರೆ ಎಲ್ಲಿ ಅಪ್ಪ ಕೋಟು ಕಳಚಿಬಿಡುತ್ತಾನೋ ಎಂಬ ಹೆದರಿಕೆಯಿತ್ತು.

ಅತ್ತೆ ಒಲೆ ಬಿಟ್ಟು ಬಂದಳು. "ಬಾಯಿ ಮುಚ್ಚೇ ನೀನು! ಈ ವಯಸ್ಸಲ್ಲಿ ಇವನ ಭಟ್ಟಿ ಎಷ್ಟು ದಿನ ಉರಿಯುತ್ತೆ? ನಿನ್ನ ಕೆಲಸ ಹೋದ್ರೆ ಈ ಮನೇಲಿ ಒಲೆ ಉರಿಯುತ್ತಾ? ಜೈಲಿಗೆ ಹಾಕಿದ್ರೆ ಬಿಲ್ಲೆ ತೋರಿಸಿ ಬಿಡಿಸ್ಕೊಂಡು ಬರ್ತಾನಾ ನಿಮ್ಮಪ್ಪ? ಇಲ್ಲ ಅಂತ ಅಂದು ಇಸ್ಕೊ. ಆಮೇಲೆ ಮಂಡಿಯೂರಿ ಕ್ಷಮೆ ಕೇಳ್ಕೊ. ಕರ್ತನ ಕೃಪೆ ಏನು ಇವನ ಸೀಸವಾ, ಕರಗಿಸಿ ಚೂರು ಚೂರು ಕೊಡೋಕೆ? ಸಮುದ್ರ ಅದು!"

"ಅತ್ತೆ, ಧಣಿನೂ ಇದೇ ಮಾತು ಹೇಳಿದ್ರು."

ಅತ್ತೆ ಸೌಟು ಹುಡುಕಿಕೊಂಡು ಒಲೆಗೆ ಮರಳಿದಳು. ಜೀವಮಾನದಲ್ಲಿ ಮೊದಲ ಬಾರಿಗೆ ಅವಳೂ ಧಣಿಯೂ ಒಂದು ಮಾತಿಗೆ ಒಪ್ಪಿದ್ದರು, ಅದು ಅವಳಿಗೆ ಹಿಡಿಸಲಿಲ್ಲ.

ಅಪ್ಪ ಬಿಲ್ಲೆಯನ್ನು ನೋಡುತ್ತಿದ್ದ. ಅವನ ಹೆಬ್ಬೆರಳು ಅದರ ಅಂಚನ್ನು ಸವರುತ್ತಿತ್ತು, ಎರಕದಲ್ಲಿ ಉಳಿದ ಮುಳ್ಳನ್ನು ಹುಡುಕುವವನಂತೆ.

"ನನ್ನ ಕೈಲಿ ಇದನ್ನ ಕೊಡೋಕಾಗಲ್ಲ ಮಗಾ."

"ಗೊತ್ತಪ್ಪ."

"ನೀನು ನನ್ನ ಮಗಳು ಅಂತ ಕೊಟ್ರೆ, ಪುಟ್ಟಿಗೆ ಯಾಕೆ ಕೊಡಲಿಲ್ಲ ಅಂತ ಯಾರು ಹೇಳ್ತಾರೆ?"

"ಬೇಡಪ್ಪ. ನಾನು ಕೇಳ್ಲಿಲ್ಲ." ಅವಳು ಚೀಲದ ಕಡೆ ನೋಡಿದಳು. "ಧಣಿಗೆ ಕೊಟ್ರಾ?"

"ಕೊಟ್ಟೆ. ನಮ್ಮ ಬೀದಿ ಲೆಕ್ಕಕ್ಕೇ ಬರ್ತಾರೆ ಅವರು."

"ಈ ಮೂರು ಪ್ರಶ್ನೆ ಕೇಳಿದ್ರಾ?"

ಚೀಲದ ದಾರ ಅಪ್ಪನ ಬೆರಳಿಗೆ ಸುತ್ತಿಕೊಂಡು ನಿಂತಿತು.

"ಗೇಟಿನವನ ಕೈಲಿ ಕೊಟ್ಟು ಬಂದೆ," ಎಂದ ಕೊನೆಗೆ. "ಯಾವಾಗ್ಲೂ ಹಂಗೇ."

ನೋಡಿ, ಕಟ್ಟಳೆಯ ಗತ್ತು! ಗುಡಿಸಲಿನ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ನುಗ್ಗುತ್ತದೆ, ಅಡುಗೆಮನೆಯ ಹೊಗೆಯಲ್ಲಿ ನಿಂತು ಹೆಂಗಸಿನ ಎದೆಯೊಳಗಿನ ಸುಳ್ಳನ್ನು ಹೊರಗೆಳೆಯುತ್ತದೆ. ಬಂಗಲೆಯ ಗೇಟಿನ ಮುಂದೆ ಮಾತ್ರ ಅದಕ್ಕೆ ಕಾಲು ನೋವು. ಇನ್ನು ಕೃಪೆಯೋ, ಅದು ಆ ಬಂಗಲೆಯ ಒಳಗೇ ಸಾಕಿದ ನಾಯಿ. ಹೊರಗಿನವರನ್ನು ಕಂಡರೆ ಬೊಗಳುತ್ತದೆ. ಇಷ್ಟು ವರ್ಷ ಅಪ್ಪ ನಡೆಸಿಕೊಂಡು ಬಂದದ್ದು ಇದನ್ನೇ, ಅದೂ ಚಾಚೂ ತಪ್ಪದೆ.

ಅವನು ಕೋಟಿನಲ್ಲೇ ಮಣೆಯ ಮೇಲೆ ಕೂತುಬಿಟ್ಟ. "ಅಚ್ಚು ಮಾಡೋದು ಎರಕ ನಿಲ್ಲಲಿ ಅಂತ," ಎಂದ, ಯಾರಿಗೂ ಅಲ್ಲದಂತೆ. "ಅಚ್ಚಿಲ್ದೆ ಹುಯ್ದ್ರೆ ಲೋಹ ನೆಲದ ಪಾಲು. ಆದ್ರೆ ಬರೀ ಅಚ್ಚೇ ಹಿಡ್ಕೊಂಡು ಕೂತವನ ಕೈಲಿ ಏನಿರುತ್ತೆ? ಮರಳು."

ಮೂರನೆಯ ಪ್ರಶ್ನೆಯನ್ನು ಅವನು ಕೇಳಲೇ ಇಲ್ಲ.

ಭಾನುವಾರ ದೇವಾಲಯ ತುಂಬಿತ್ತು. ಬಿಳಿ ಬಟ್ಟೆ ಹೊದಿಸಿದ ಮೇಜಿನ ತುದಿಯಲ್ಲಿ, ಬಿಲ್ಲೆಯ ತಟ್ಟೆಯ ಪಕ್ಕದಲ್ಲಿ ಧಣಿ ನಿಂತಿದ್ದರು. ಬೀಗದಕ್ಕ ಹಿಂದಿನ ಬೆಂಚಿಗೆ ಬಂದಾಗ ಪುಟ್ಟಿ ಆಗಲೇ ಅಲ್ಲಿದ್ದಳು. ಬಲಗೈಗೆ ಬಿಳಿ ಪಟ್ಟಿ. ಎಡಗೈಯ ತೋಳಿನ ಗುಂಡಿ ಹಾಕಿರಲಿಲ್ಲ, ತೋಳು ಜೋತುಬಿದ್ದಿತ್ತು. ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಬೀಗದಕ್ಕ ಕೂತಳು.

"ಹಿರೀರ ಮಗಳೇ ಹಿಂದಿನ ಬೆಂಚಿಗೆ!" ಮುಂದಿನ ಸಾಲಿನಿಂದ ಪಿಸುಮಾತು. "ಏನು ಮಾಡ್ಕೊಂಡ್ಲೋ."

"ದೀಪದ ಬುಡದಲ್ಲೇ ಕತ್ತಲು, ಬಿಡಿ."

ಪಾದ್ರಿಗಳು ಎದ್ದು ವಾಡಿಕೆಯ ಮಾತು ಹೇಳಿದರು. ಈ ಮೇಜಿಗೆ ಬರುವ ಯಾರ ಮೇಲಾದರೂ ಯಾರಿಗಾದರೂ ದೂರಿದ್ದರೆ ಈಗಲೇ ಹೇಳಬೇಕು. ಆ ಮಾತಿಗೆ ಇದುವರೆಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಕೊಡಲು ಬಿಡುವೂ ಇರುತ್ತಿರಲಿಲ್ಲ. ಕೊನೆಯ ಅಕ್ಷರದ ಬಾಲ ಹಿಡಿದೇ ಹಾರ್ಮೋನಿಯಂ ಶುರುವಾಗುತ್ತಿತ್ತು. ಇಂದೂ ಶುರುವಾಯಿತು. ಅದರ ನಡುವೆಯೇ ಅಪ್ಪ ಎದ್ದು ನಿಂತ.

"ನನಗಿದೆ."

ಹಾರ್ಮೋನಿಯಂ ಉಬ್ಬಸದವರಂತೆ ಒಂದು ಉಸಿರೆಳೆದು ಸುಮ್ಮನಾಯಿತು.

"ನನ್ನ ಮೇಲೇ ದೂರಿದೆ. ಒಂದು ಬಿಲ್ಲೆ ಪ್ರಶ್ನೆ ಕೇಳ್ದೆ ಕೊಟ್ಟಿದೀನಿ, ಗೇಟಲ್ಲಿ ಬಿಟ್ಟು ಬಂದಿದೀನಿ. ಅದನ್ನ ಈಗ ಕೇಳ್ಬೇಕು." ಅವನು ಮೇಜಿನ ಕಡೆ ತಿರುಗಿದ. "ಧಣಿ, ಹಿಂದಿನ ಬಾಗಿಲಿಗೆ ಬೀಗ ಹಾಕಿಸಿದ್ದು ನೀವೇ ಅಲ್ವಾ?"

ಧಣಿಯ ಮುಖದಲ್ಲಿ ಸಿಟ್ಟು ಬರಲಿಲ್ಲ, ನೋವು ಬಂತು. ನೋವನ್ನು ಬರಿಸಿಕೊಳ್ಳುವುದು ಅವರಿಗೆ ಗೊತ್ತಿತ್ತು. "ಹಿರಿಯರೇ, ಕೃಪೆಯ ಮೇಜಿನ ಮುಂದೆ ಪೊಲೀಸ್ ಪ್ರಶ್ನೆ ಯಾಕೆ? ಅದಕ್ಕೆ ಉತ್ತರ ನಿಮ್ಮ ಮನೆಯಲ್ಲೇ ಇದೆಯಲ್ಲ. ನಿಮ್ಮ ಮಗಳು ಗ್ರಂಥದ ಮೇಲೆ ಕೈಯಿಟ್ಟು ಹೇಳಿದಾಳೆ, ಬಾಗಿಲು ತೆರೆದಿತ್ತು ಅಂತ. ಬೇಕಾದರೆ ಈಗಲೂ ಕೇಳಿ." ಅವರ ಕಣ್ಣು ಸಾಲುಗಳನ್ನೆಲ್ಲ ದಾಟಿಕೊಂಡು ಹಿಂದಿನ ಬೆಂಚಿಗೆ ಬಂತು. "ಏನಮ್ಮ?"

ಇಡೀ ದೇವಾಲಯ ತಿರುಗಿತು. ಮಿಷಿನ್ನಿನ ಸಾಲಿನ ಹುಡುಗಿಯರು ತಿರುಗಿದರು. ಬಾಗಿಲಿನ ಸತ್ಯ ಅವರೆಲ್ಲರಿಗೂ ಗೊತ್ತಿತ್ತು, ಅವರ ಕಣ್ಣುಗಳೇ ಹೇಳುತ್ತಿದ್ದವು: ಅಕ್ಕಾ, ಹೇಳಬೇಡ, ನಮ್ಮ ಕೆಲಸ. ಅಕ್ಕಾ, ಹೇಳು. ಪುಟ್ಟಿಯೊಬ್ಬಳು ಮಾತ್ರ ತಿರುಗದೆ ತನ್ನ ಜೋತ ತೋಳನ್ನು ನೋಡುತ್ತ ಕೂತಿದ್ದಳು.

ಬೀಗದಕ್ಕ ಎದ್ದಳು. ಸೊಂಟದ ಗೊಂಚಲು ಗಿಲ್ ಎಂದಿತು. ನಿನ್ನೆ ಅಡುಗೆಮನೆಯಲ್ಲಿ ನಾಲ್ಕು ಗೋಡೆಯ ನಡುವೆ ಅಷ್ಟು ನೆಟ್ಟಗೆ ಬಂದ ಮಾತು ಈಗ ಗಂಟಲಲ್ಲಿ ಮುರಿದ ಸೂಜಿಯ ಹಾಗೆ ಅಡ್ಡ ನಿಂತಿತು. ಬಾಯಿ ತೆರೆದಳು. ಧಣಿ ಕೈಯೆತ್ತಿದರು, ಅಂದು ಕಣ್ಣು ಮುಚ್ಚಿಕೊಂಡೇ ಮಾಡಿದ್ದ ಅದೇ ಸನ್ನೆ. ಅವಳ ಮಂಡಿಗಳು ಅವಳನ್ನು ಕೇಳದೆಯೇ ಮಡಚಿಕೊಂಡವು.

ಕೂತಳು.

ಅಪ್ಪ ಅವಳನ್ನು ನೋಡಲಿಲ್ಲ. ತನ್ನ ಜೇಬಿನಿಂದ ತನ್ನದೇ ಬಿಲ್ಲೆಯನ್ನು ತೆಗೆದು ಎದುರಿನ ಬೆಂಚಿನ ಮೇಲಿಟ್ಟ. "ಹಂಗಾದ್ರೆ ನಾನೂ ಈ ಸಲ ಬರಲ್ಲ," ಎಂದು ಸಾಲುಗಳ ನಡುವೆ ನಡೆದು ಬಂದು, ಬೀಗದಕ್ಕ ಬಿಟ್ಟಿದ್ದ ಆ ನಡುವಿನ ಜಾಗದಲ್ಲಿ ಕೂತ.

"ನಿಮ್ಮನೆ ಜಗಳ ನಿಮ್ಮನೇಲಿ ಇಟ್ಕೊಳ್ಳಿ," ಎಂದು ಯಾರೋ ಗೊಣಗಿದರು. ಪಾದ್ರಿಗಳು ಧಣಿಯ ಮುಖ ನೋಡಿದರು, ರೊಟ್ಟಿಯನ್ನು ನೋಡಿದರು, ಕೊನೆಗೆ ರೊಟ್ಟಿಯ ಮೇಲೆ ಬಟ್ಟೆ ಮುಚ್ಚಿ ಭೋಜನವನ್ನು ಮುಂದಿನ ವಾರಕ್ಕೆ ಹಾಕಿದರು. ಜನ ಹಸಿದವರಂತೆ ಸಿಟ್ಟಾಗಿ ಎದ್ದುಹೋದರು.

ಹೊರಗೆ ಮೆಟ್ಟಿಲ ಕೊನೆಯಲ್ಲಿ ಬೀಗದಕ್ಕ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಹಿಂದೆ ಚಪ್ಪಲಿ ಸದ್ದಾಯಿತು. ಪುಟ್ಟಿ ಈಗ ಉಗಿಯುತ್ತಾಳೆ ಎಂದುಕೊಂಡಳು. ಉಗಿದರೆ ಒರೆಸಿಕೊಳ್ಳಬಾರದು ಎಂದೂ ಅಂದುಕೊಂಡಳು.

"ಅಕ್ಕಾ, ಈ ಗುಂಡಿ ಹಾಕು."

ಪುಟ್ಟಿ ಎಡಗೈ ಚಾಚಿ ನಿಂತಿದ್ದಳು.

"ಬಲಗೈ ತೋಳಿಂದು ಹೆಂಗೋ ಹಾಕ್ಕೊಂಡೆ. ಎಡಗೈದು ಹಾಕೋಕೆ ಬಲಗೈ ಬೇಕಲ್ಲ. ಹಲ್ಲಲ್ಲಿ ಕಚ್ಚಿ ನೋಡ್ದೆ, ಗುಂಡಿನೇ ಕಿತ್ತು ಬರೋ ಹಾಗಾಯ್ತು. ಯಾವಳು ಹೊಲಿದ್ಲೋ ಇದನ್ನ, ಎರಡೇ ಸುತ್ತು ದಾರ! ನಾನಾಗಿದ್ರೆ ನಾಲ್ಕು ಸುತ್ತು ಹಾಕ್ತಿದ್ದೆ."

ಬೀಗದಕ್ಕ ಆ ತೋಳನ್ನು ಹಿಡಿದಳು. ಗುಂಡಿ ಕಾಜಾಕ್ಕೆ ಒಮ್ಮೆಗೇ ಸಿಗಲಿಲ್ಲ.

"ಪುಟ್ಟಿ, ನಾನು..."

"ಮಾತಾಡ್ಬೇಡ, ಮೊದ್ಲು ಗುಂಡಿ." ಪುಟ್ಟಿಯ ಧ್ವನಿಯಲ್ಲಿ ಸಕ್ಕರೆ ಇರಲಿಲ್ಲ. "ಬೀಗ ಹಾಕಿತ್ತು ಅಂತ ನನಗೆ ಗೊತ್ತು. ನೀನು ಕೀ ಬಿಟ್ಟು ಬಂದಿದ್ದೂ ಗೊತ್ತು. ಆ ಹೊಗೇಲಿ ವಾಪಸ್ ಬಂದು ನನ್ನ ಜಡೆ ಹಿಡಿದು ಎಳ್ಕೊಂಡು ಹೋಗಿದ್ದು ನಿನ್ನ ಕೈಯೇ. ಇನ್ನೂ ತಲೆ ನೋಯುತ್ತೆ."

"ನಾಳೆ ಅಲ್ಲಿ ನಾನು ಏನು ಹೇಳ್ತೀನೋ ನನಗೇ ಗೊತ್ತಿಲ್ಲ ಪುಟ್ಟಿ. ಈಗ ನೋಡಿದ್ಯಲ್ಲ."

"ನೋಡ್ದೆ. ಹೊಟ್ಟೆ ಉರೀತು." ಅಕ್ಕ ಹಾಕಿದ ಗುಂಡಿಯನ್ನು ಪುಟ್ಟಿ ಬೆಳಕಿಗೆ ಹಿಡಿದು ನೋಡಿದಳು, ಮಿಷಿನ್ನಿನ ಮುಂದೆ ತಪಾಸಣೆ ಮಾಡುವಾಗ ನೋಡುತ್ತಿದ್ದ ಹಾಗೆ. "ನಾಳೆ ನೀನು ಸುಳ್ಳೇ ಹೇಳಿದ್ರೂ ನಾಡಿದ್ದು ಗುಂಡಿ ಹಾಕಿಸ್ಕೊಳೋಕೆ ನಿನ್ನ ಹತ್ರನೇ ಬರ್ತೀನಿ. ನಮ್ಮಮ್ಮಂಗೆ ಕಣ್ಣು ಕಾಣ್ಸಲ್ಲ. ನನಗೆ ಬೇರೆ ಅಕ್ಕ ಇಲ್ಲ."

ಹೇಳಿ ಹೊರಟೇಹೋದಳು. ಬೀಗದಕ್ಕ ಮೆಟ್ಟಿಲ ಮೇಲೆ ಕೂತಳು. ಉಗಿದಿದ್ದರೆ ಒಳ್ಳೆಯದಿತ್ತು. ಉಗಿದಿದ್ದರೆ ಲೆಕ್ಕ ಅಷ್ಟಕ್ಕೆ ಚುಕ್ತಾ ಆಗುತ್ತಿತ್ತು. ಇದು ಚುಕ್ತಾ ಆಗುವ ಬಾಬ್ತಲ್ಲ. ಧಣಿಯ ಬಾಯಲ್ಲಿ ಕೃಪೆ ಎಂಬ ಮಾತು ಕೇಳಿದಾಗ ಅವಳಿಗೆ ನಿದ್ದೆ ಬರುವಂತಾಗಿತ್ತು. ಇದು ಮೈಯ ನಿದ್ದೆಯನ್ನೆಲ್ಲ ಕಿತ್ತುಹಾಕಿತು.

ಸೋಮವಾರ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಕಾರ್ಖಾನೆಗೆ ಹೋದಳು. ಹಿಂದಿನ ಬಾಗಿಲ ಬೀಗ ತೆಗೆದಳು. ತೆಗೆದ ಬೀಗವನ್ನು ಅಲ್ಲೇ ಬಿಟ್ಟರೆ ಒತ್ತಿ ಹಾಕಲು ಯಾರಿಗೂ ಕೀ ಬೇಕಿಲ್ಲ. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ವಿಚಾರಣೆಯ ಕಚೇರಿಗೆ ನಡೆದಳು.

ಉದ್ದನೆಯ ಕೋಣೆ. ಗೋಡೆಗೊರಗಿದ ಕಬ್ಬಿಣದ ಬೀರು, ಕರಕರ ಎನ್ನುವ ಫ್ಯಾನು. ಮೇಜಿನ ಆಚೆ ಅಧಿಕಾರಿಣಿ, ಪಕ್ಕದಲ್ಲಿ ಬರೆದುಕೊಳ್ಳುವವನು. ಈಚೆ ಕುರ್ಚಿಗಳಲ್ಲಿ ಧಣಿ, ಅವರ ವಕೀಲ. ಇನ್ನೊಂದು ಪಕ್ಕದಲ್ಲಿ ಪುಟ್ಟಿ, ಒಬ್ಬಳೇ. ಧಣಿ ಬೀಗದಕ್ಕನನ್ನು ಕಂಡು ಮೆಲ್ಲಗೆ ತಲೆಯಾಡಿಸಿದರು, ಮಕ್ಕಳಿಗೆ ಧೈರ್ಯ ಹೇಳುವವರಂತೆ.

ಬರೆಯುವವನು ಗ್ರಂಥ ಮುಂದೆ ತಳ್ಳಿದ. ಬೀಗದಕ್ಕ ಕೈ ಹಿಂದೆಗೆದಳು.

"ಹೋದ್ಸಲ ಇದರ ಮೇಲೆ ಕೈಯಿಟ್ಟೇ ತಪ್ಪು ಮಾಡ್ದೆ ಅಮ್ಮಾ. ಈ ಸಲ ಇಡ್ದೆ ಹೇಳ್ಲಾ?"

"ಪ್ರಮಾಣ ಮಾಡಲೇಬೇಕು. ಕಾನೂನು," ಎಂದರು ಅಧಿಕಾರಿಣಿ, ತಲೆಯೆತ್ತದೆ.

ಅವಳು ಇಟ್ಟಳು.

"ಬೆಂಕಿ ಬಿದ್ದಾಗ ಹಿಂದಿನ ಬಾಗಿಲು ತೆರೆದಿತ್ತು ಅಂತ ಹೇಳಿಕೆ ಕೊಟ್ಟಿದ್ದೀರಿ. ಅದನ್ನೇ ಖಚಿತಪಡಿಸ್ತೀರಾ?"

ಧಣಿಯ ಕೈ ತೊಡೆಯ ಮೇಲಿಂದ ಎದ್ದಿತು. ಬೀಗದಕ್ಕ ಅದನ್ನು ನೋಡಿದಳು. ಆಮೇಲೆ ಪುಟ್ಟಿಯ ಎಡ ತೋಳನ್ನು ನೋಡಿದಳು. ಇವತ್ತೂ ಗುಂಡಿ ಹಾಕಿರಲಿಲ್ಲ.

"ಇಲ್ಲ," ಎಂದಳು. "ಬೀಗ ಹಾಕಿತ್ತು. ಹಾಕಿದ್ದು ನಾನು. ಹಾಕಿಸಿದ್ದು ಇವರು."

"ಏನಿದು!" ವಕೀಲ ಎದ್ದ.

"ಕೀ ಪ್ರಾರ್ಥನೆ ಕೋಣೆ ಹೊರಗಿನ ಮೊಳೇಲಿತ್ತು. ಸದ್ದಾಗುತ್ತೆ ಅಂತ. ಕೂಗು ಕೇಳಿಸ್ತು, ಎದ್ದೆ. ಕೂರು ಅಂದ್ರು, ಕೂತೆ. ಕೂತಿದ್ದು ನನ್ನ ತಪ್ಪು, ಬರ್ಕೊಳಿ. ಕೈಯಿಟ್ಟು ಸುಳ್ಳು ಹೇಳಿದ್ದೂ ನನ್ನ ತಪ್ಪು, ಅದನ್ನೂ ಬರ್ಕೊಳಿ. ಇಸ್ತ್ರಿಪೆಟ್ಟಿಗೆ ಇವಳ್ದಲ್ಲ, ವೈರು ಹಳೇದು. ಇವಳ್ದು ಒಂದೇ ತಪ್ಪು, ಉರಿ ಹತ್ತಿದಾಗ ಬದುಕ್ಬೇಕು ಅಂದ್ಕೊಂಡಿದ್ದು."

"ಸುಳ್ಳು," ಎಂದರು ಧಣಿ. ಧ್ವನಿಯಲ್ಲಿ ಈಗ ನೋವಿರಲಿಲ್ಲ. "ಯಾರೋ ತಲೆಕೆಡಿಸಿದಾರೆ. ಬಾಗಿಲಿಗೆ ಬೀಗವೇ ಇಲ್ಲ ನಮ್ಮಲ್ಲಿ."

ಬೀಗದಕ್ಕ ಸೆರಗು ಬಿಚ್ಚಿದಳು. ಹೊಗೆಗೆ ಕಪ್ಪಾದ ಬೀಗವನ್ನು ಮೇಜಿನ ಮೇಲಿಟ್ಟಳು. ಸೊಂಟದ ಗೊಂಚಲನ್ನು ಕಳಚಿ ಅದರ ಪಕ್ಕಕ್ಕೆ ಹಾಕಿದಳು. ಫ್ಯಾನಿನ ಕರಕರವನ್ನೂ ಮೀರಿಸಿ ಅದು ಸದ್ದು ಮಾಡಿತು. ಲೋಕದ ಸದ್ದು.

"ನಿನ್ನೆ ಮೊನ್ನೆವರೆಗೂ ಹಾಕ್ತಾನೇ ಇದ್ದೆ," ಎಂದಳು. "ಯಾವ ಕೀ ಅಂತ ಕೇಳಿ, ತೆಗೆದು ತೋರಿಸ್ತೀನಿ."

ಅಧಿಕಾರಿಣಿ ಮೊದಲ ಸಲ ತಲೆಯೆತ್ತಿದರು. ಆಮೇಲೆ ಬಹಳ ಹೊತ್ತು ಪ್ರಶ್ನೆಗಳಾದವು. ಕೊನೆಗೆ ಅವರು ಹೇಳಿದ ಮಾತು ಸ್ಪಷ್ಟವಾಗಿತ್ತು: ಪುಟ್ಟಿಯ ಮೇಲಿನ ಆರೋಪ ನಿಲ್ಲುವುದಿಲ್ಲ, ಕಾರ್ಖಾನೆಯ ಮೇಲೆ ಹೊಸದಾಗಿ ತನಿಖೆ, ಸುಳ್ಳು ಹೇಳಿಕೆಗೆ ಬೀಗದಕ್ಕನ ಮೇಲೂ ಪ್ರಕರಣ. ಅವಳು ತಲೆಯಾಡಿಸಿದಳು. ಅದು ನ್ಯಾಯ. ಅದು ಬೇಡ ಎಂದು ಅವಳಿಗೆ ಅನ್ನಿಸಲಿಲ್ಲ.

ಹೊರಗಿನ ಮೊಗಸಾಲೆಯ ಬೆಂಚಿನಲ್ಲಿ ಅಪ್ಪ ಕೂತಿದ್ದ. ಮೈಮೇಲೆ ಕೋಟು. ಬೀಗದಕ್ಕನ ಬರಿದಾದ ಸೊಂಟವನ್ನು ನೋಡಿ ಅವನಿಗೆ ಎಲ್ಲವೂ ತಿಳಿಯಿತು. ಪುಟ್ಟಿ ಬಂದು ಪಕ್ಕದಲ್ಲಿ ನಿಂತು ಮಾತಿಲ್ಲದೆ ಎಡಗೈ ಚಾಚಿದಳು. ಬೀಗದಕ್ಕ ಗುಂಡಿ ಹಾಕಿದಳು.

"ಕೆಲಸ?" ಎಂದ ಅಪ್ಪ.

"ಹೋಯ್ತು. ಕೇಸೂ ಹಾಕ್ತಾರಂತೆ."

"ಹೂಂ." ಅವನು ಜೇಬಿನಿಂದ ಚೀಲ ತೆಗೆದ. ಒಳಗಿಂದ ಏನನ್ನೂ ತೆಗೆಯಲಿಲ್ಲ, ಚೀಲವನ್ನೇ ಮಗಳ ಕೈಗಿಟ್ಟ. ಎದ್ದು, ಕೋಟಿನ ಗುಂಡಿಗಳನ್ನು ಮೇಲಿನಿಂದ ಕೆಳಗಿನವರೆಗೆ ಹಾಕಿಕೊಂಡು ಅವಳೆದುರು ನಿಂತ.

"ಕೇಳು."

"ಏನಪ್ಪಾ ಇದು?"

"ನಾನು ಇಷ್ಟು ವರ್ಷ ಕೇಳ್ದೆ. ನನ್ನನ್ನ ಯಾರೂ ಕೇಳ್ಲಿಲ್ಲ. ಕೇಳು, ಮೂರೂ ಕೇಳು. ಉತ್ತರ ಸರಿಯಿಲ್ದಿದ್ರೆ ಕೊಡ್ಬೇಡ."

ಓಡಾಡುವ ಜನ ನಿಂತು ನೋಡಿದರು. ಪುಟ್ಟಿ, "ಕೇಳಕ್ಕಾ, ಬಿಡ್ಬೇಡ," ಎಂದು ಮೆಲ್ಲಗೆ ಅಂದಳು. ಬೀಗದಕ್ಕ ಚೀಲವನ್ನು ಎದೆಗೊತ್ತಿಕೊಂಡಳು. ಕೀಗೊಂಚಲಿಗಿಂತ ಅದಕ್ಕೆ ಹೆಚ್ಚು ತೂಕವಿತ್ತು.

"ಸಹೋದರ," ಎಂದಳು. "ನೆರೆಯವರದ್ದೇನನ್ನಾದರೂ ಕದ್ದದ್ದುಂಟೇ?"

ಅಪ್ಪ ಪುಟ್ಟಿಯ ಬಿಳಿ ಪಟ್ಟಿಯನ್ನು ನೋಡಿದ. ಕೊನೆಯ ಕುರ್ಚಿಯಲ್ಲಿ ಕೂತು ತಾನು ತಡೆದ ಅವಳ ಬಿಲ್ಲೆಯನ್ನು ನೆನೆದ.

"ಉಂಟು," ಎಂದ.